ಸ್ಟ್ರಾಬೆರಿಗೆ ಹೋದ ನೀರು: ಸ್ಪೇನಿನ ದೊನ್ಯಾನಾ ಪ್ರಕರಣ, ಕೊಡಗಿನಲ್ಲಿ ಕೂತು ಓದಿದ್ದು

ಸಾಂತಾ ಓಲಾಯಾ ಎಂಬ ಕೆರೆ 2022ರ ಸೆಪ್ಟೆಂಬರ್ ಹೊತ್ತಿಗೆ ಪೂರ್ತಿ ಬತ್ತಿತು. ಮರುವರ್ಷ ಆಗಸ್ಟ್‌ನಲ್ಲೇ ಬತ್ತಿತು. 2024ರ ಬೇಸಿಗೆಯಲ್ಲೂ ಅದೇ ಕಥೆ. ಬೇಸಿಗೆಯಲ್ಲಿ ಕೆರೆ ಬತ್ತುವುದು ನಮಗೇನೂ ಹೊಸದಲ್ಲ, ಅಲ್ವಾ? ಆದರೆ ಈ ಕೆರೆ ಇರುವುದು ಸ್ಪೇನಿನ ದೊನ್ಯಾನಾ ರಾಷ್ಟ್ರೀಯ ಉದ್ಯಾನದ ಒಳಗೆ. ಅಲ್ಲಿನ ಮರಳು ನೆಲದಲ್ಲಿರುವ ಕೆರೆಗಳಲ್ಲೆಲ್ಲ ದೊಡ್ಡದು ಇದು. ಬಿರು ಬೇಸಿಗೆಯಲ್ಲೂ ನೀರಿರುತ್ತದೆ ಅಂತಲೇ ಇದಕ್ಕೆ ಹೆಸರು. ದಂಡೆಯಲ್ಲಿ ಯಾರೂ ಪಂಪ್ ಇಟ್ಟಿಲ್ಲ. ಕಾವಲಿದೆ, ಕಾನೂನಿದೆ, ಯುನೆಸ್ಕೋ ಪಟ್ಟಿಯಲ್ಲಿ ಜಾಗವಿದೆ. ಆದರೂ ಬತ್ತಿತು.

ಕೊಡಗಿಗೆ ಸಮುದ್ರವಿಲ್ಲ. ಕಡಲ ತಡಿಯ ಜೌಗು ಉದ್ಯಾನದ ಕಥೆ ನಮಗ್ಯಾಕೆ ಅನ್ನಿಸಬಹುದು. ಆದರೆ ಇದು ಮೂಲತಃ ಬೆಳೆಗಾರರ ಕಥೆ. ಒಳ್ಳೆ ರೇಟಿರುವ ಬೆಳೆ, ಹೊರದೇಶದ ಮಾರುಕಟ್ಟೆ, ಬೋರ್‌ವೆಲ್, ಪಕ್ಕದಲ್ಲೊಂದು ರಾಷ್ಟ್ರೀಯ ಉದ್ಯಾನ. ನಾಗರಹೊಳೆ ಅಂಚಿನ ಕುಟ್ಟ, ಬಾಳೆಲೆ, ತಿತಿಮತಿ ಕಡೆಯವರಿಗೆ ಇದಕ್ಕಿಂತ ಪರಿಚಿತ ಸನ್ನಿವೇಶ ಇನ್ನೊಂದಿಲ್ಲ.

ಜಾಗ ಹೇಗಿದೆ

ಸ್ಪೇನಿನ ನೈಋತ್ಯ ಮೂಲೆಯಲ್ಲಿ ಗ್ವಾದಲ್ಕಿವಿರ್ ನದಿ ಸೆವಿಲ್ ನಗರ ದಾಟಿ ಅಟ್ಲಾಂಟಿಕ್ ಸೇರುತ್ತದೆ. ಸೇರುವ ಮುನ್ನ ದೊಡ್ಡ ಬಯಲಾಗಿ ಹರಡಿಕೊಳ್ಳುತ್ತದೆ. ಒಂದು ಕಾಲಕ್ಕೆ ಇದು ರಾಜರ ಮತ್ತು ಶ್ರೀಮಂತರ ಬೇಟೆಯ ಜಾಗ. 20ನೇ ಶತಮಾನದಲ್ಲಿ ಜೌಗಿನ ಬಹುಪಾಲನ್ನು ಬಸಿದು ಭತ್ತ ಹಾಕಿದರು. ಉಳಿದಷ್ಟನ್ನಾದರೂ ಕಾಪಾಡಬೇಕು ಅಂತ ಜೀವವಿಜ್ಞಾನಿ ಹೊಸೆ ಅಂತೋನಿಯೊ ವಾಲ್ವೆರ್ದೆ ಹಟ ಹಿಡಿದರು. 1961ರಲ್ಲಿ ಹುಟ್ಟಿದ್ದ ಡಬ್ಲ್ಯುಡಬ್ಲ್ಯುಎಫ್ ಎಂಬ ವನ್ಯಜೀವಿ ಸಂರಕ್ಷಣಾ ಸಂಸ್ಥೆ ಹಣ ಕೂಡಿಸಿತು. 1963ರಲ್ಲಿ ಜಮೀನು ಕೊಂಡರು. 1969ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1982ರಲ್ಲಿ ರಾಮ್ಸಾರ್ ತಾಣ (ಜಾಗತಿಕ ಮಹತ್ವದ ಜೌಗು ಪ್ರದೇಶ), 1994ರಲ್ಲಿ ವಿಶ್ವ ಪರಂಪರೆ ತಾಣ. ವಿಸ್ತೀರ್ಣ ಸುಮಾರು 540 ಚದರ ಕಿಲೋಮೀಟರ್. ನಮ್ಮ ನಾಗರಹೊಳೆ 643. ಹೆಚ್ಚು ಕಮ್ಮಿ ಒಂದೇ ಅಳತೆ ಅಂತಿಟ್ಟುಕೊಳ್ಳಿ.

ಕಡಲ ಕಡೆಯಿಂದ ಒಳಕ್ಕೆ ನಡೆದರೆ ಮೊದಲು ಉದ್ದನೆಯ ಮರಳ ತೀರ. ಅದರ ಹಿಂದೆ ಚಲಿಸುವ ಮರಳ ದಿಬ್ಬಗಳು. ಚಲಿಸುವ ಅಂದರೆ ನಿಜವಾಗಿಯೂ ಚಲಿಸುತ್ತವೆ. ಕಡಲ ಗಾಳಿಗೆ ವರ್ಷಕ್ಕೆ ಕೆಲವು ಮೀಟರ್ ಮುಂದೆ ಬರುತ್ತವೆ. ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ ಪೈನ್ ಮರಗಳ ತೋಪು. ಹಿಂದಿನ ದಿಬ್ಬ ಬಂದು ತೋಪನ್ನು ಬುಡದಿಂದ ಮುಚ್ಚುತ್ತಾ ಹೋಗುತ್ತದೆ. ಕೊನೆಗೆ ಮರಳಿನ ಮೇಲೆ ತುದಿ ಕೊಂಬೆಗಳಷ್ಟೇ ಕಾಣುತ್ತವೆ. ದಿಬ್ಬ ದಾಟಿಹೋದ ಮೇಲೆ ಸತ್ತ ಬೊಡ್ಡೆಗಳು ಮತ್ತೆ ಹೊರಬರುತ್ತವೆ, ಅದೇ ತಗ್ಗಿನಲ್ಲಿ ಹೊಸ ಪೈನ್ ಸಸಿಗಳು ಏಳುತ್ತವೆ. ಇದನ್ನು ಯಾರೂ ತಡೆಯುವುದಿಲ್ಲ. ತಡೆಯಬಾರದು ಕೂಡ. ಅಲ್ಲಿನ ಕಾಡಿನ ಕ್ರಮವೇ ಅದು.

ದಿಬ್ಬಗಳ ಆಚೆ ಸ್ಥಿರವಾದ ಮರಳು ನೆಲ, ಕುರುಚಲು ಕಾಡು, ಅದರೊಳಗೆ ಅಲ್ಲಲ್ಲಿ ಹೊಂಡಗಳು. ಮಳೆ ಚೆನ್ನಾಗಿ ಬಂದ ವರ್ಷ ಹೀಗೆ ನೀರು ನಿಲ್ಲುವ ಸಣ್ಣ ದೊಡ್ಡ ಹೊಂಡಗಳು ಮೂರು ಸಾವಿರಕ್ಕೂ ಜಾಸ್ತಿ. ಆಮೇಲೆ ಶುರುವಾಗುವುದು ಜೌಗು ಬಯಲು. ಅದರ ಅಡಿಯಲ್ಲಿ ಜೇಡಿಮಣ್ಣು. ಅಕ್ಟೋಬರ್‌ನಿಂದ ವಸಂತದ ತನಕ ಮಳೆನೀರು, ತೊರೆನೀರು ತುಂಬಿ ಸಮುದ್ರದ ಹಾಗೆ ಕಾಣುತ್ತದೆ. ಉತ್ತರ ಯೂರೋಪಿನ ಚಳಿ ತಪ್ಪಿಸಿಕೊಂಡು ಬೂದು ಹೆಬ್ಬಾತುಗಳು, ಬಾತುಗಳು ಬಂದಿಳಿಯುತ್ತವೆ. ಒಳ್ಳೆ ವರ್ಷಗಳಲ್ಲಿ ಚಳಿಗಾಲದ ನೀರುಹಕ್ಕಿಗಳು ಐದು ಲಕ್ಷ ದಾಟಿದ್ದುಂಟು. ಜುಲೈ, ಆಗಸ್ಟ್‌ನಲ್ಲಿ ಇದೇ ಬಯಲು ಒಣಗಿ ಬಿರುಕು ಬಿಡುತ್ತದೆ. ಅದು ಸಹಜ. ಹಾಗಾಗಿ ಆಗಸ್ಟ್‌ನಲ್ಲಿ ತೆಗೆದ ಬಿರುಕು ನೆಲದ ಫೋಟೊ ತೋರಿಸಿ ದೊನ್ಯಾನಾ ಸತ್ತಿತು ಅಂದರೆ ನಂಬಬೇಡಿ. ನೋಡಬೇಕಾದ್ದು ಜೌಗನ್ನಲ್ಲ, ಮರಳಿನ ಕೆರೆಗಳನ್ನು.

ಇನ್ನೊಂದು ಜಾಗವನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಮರಳು ನೆಲ ಮುಗಿದು ಜೇಡಿಮಣ್ಣು ಶುರುವಾಗುವ ಕಡೆ ಒಂದು ಹಸಿರು ಅಂಚಿದೆ. ಅಲ್ಲಿಯವರು ವೆರಾ ಅನ್ನುತ್ತಾರೆ. ಮರಳಿನೊಳಗೆ ಇಳಿದ ನೀರು ಜೇಡಿಯನ್ನು ದಾಟಲಾಗದೆ ಅಲ್ಲಿ ಮೇಲೆ ಜಿನುಗುತ್ತದೆ. ಸುತ್ತ ಎಲ್ಲ ಒಣಗಿದಾಗಲೂ ಅಲ್ಲಿ ಹುಲ್ಲು ಹಸಿರು. ನೂರಾರು ವರ್ಷದ ಕಾರ್ಕ್ ಓಕ್ ಮರಗಳು ಅಲ್ಲಿವೆ. ಚಮಚಕೊಕ್ಕುಗಳು, ಬಕಗಳು ಅದರ ಮೇಲೆ ಹಿಂಡು ಹಿಂಡಾಗಿ ಗೂಡು ಕಟ್ಟುತ್ತವೆ. ಕೊಡಗಿನಲ್ಲಿ ಬಾಣೆ (ಗದ್ದೆಯ ಮೇಲಿನ ಏರು ಜಮೀನು) ಇಳಿದು ಗದ್ದೆ ಸೇರುವ ಕಡೆ ಇರುವ ಒರತೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೆಲದ ಕೆಳಗೆ ಬೇಲಿ ಇಲ್ಲ

ಉದ್ಯಾನದ ಅಡಿಯಲ್ಲೂ ಅದರ ಸುತ್ತಲಿನ ಊರು, ತೋಟಗಳ ಅಡಿಯಲ್ಲೂ ಇರುವುದು ಒಂದೇ ಅಂತರ್ಜಲದ ಪದರ. ಎರಡು ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ. ಅಂದರೆ ಉದ್ಯಾನಕ್ಕಿಂತ ನಾಲ್ಕು ಪಟ್ಟು ದೊಡ್ಡದು. ಮರಳಿನ ಕೆರೆ ಅಂದರೆ ಬೇರೇನಲ್ಲ, ಆ ಅಂತರ್ಜಲದ ಮಟ್ಟ ನೆಲಕ್ಕಿಂತ ಮೇಲೆ ಕಾಣಿಸಿಕೊಂಡ ತಗ್ಗು. ಎಲ್ಲೋ ಹತ್ತು ಕಿಲೋಮೀಟರ್ ಆಚೆ ಪಂಪ್ ಎಳೆದರೆ ಮಟ್ಟ ಸ್ವಲ್ಪ ಇಳಿಯುತ್ತದೆ. ಸ್ವಲ್ಪ ಅಂದರೆ ಅರ್ಧ ಮೀಟರ್ ಸಾಕು. ಆಳವಿಲ್ಲದ ಹೊಂಡಕ್ಕೆ ಅರ್ಧ ಮೀಟರ್ ಅಂದರೆ ಇರುವುದೂ ಇಲ್ಲದ್ದೂ ಅಷ್ಟರ ಮೇಲೆ ನಿಂತಿದೆ.

ಕೆರೆ ತುಂಬುವುದು ತಡವಾಗುತ್ತದೆ, ಬತ್ತುವುದು ಬೇಗವಾಗುತ್ತದೆ. ಕೆಲವು ವರ್ಷ ತುಂಬುವುದೇ ಇಲ್ಲ. ತುಂಬದ ಹೊಂಡದೊಳಗೆ ಕುರುಚಲು ಗಿಡ, ಪೈನ್ ಸಸಿ ಬೆಳೆಯುತ್ತವೆ. ದೊನ್ಯಾನಾ ಜೀವವಿಜ್ಞಾನ ಕೇಂದ್ರದ ಸಂಶೋಧಕರು ಉಪಗ್ರಹ ಚಿತ್ರಗಳನ್ನಿಟ್ಟುಕೊಂಡು ಲೆಕ್ಕ ಹಾಕಿ 2023ರಲ್ಲಿ ಹೇಳಿದ್ದು ಇದನ್ನೇ. ಅವರು ನೋಡಿದ ಹೊಂಡಗಳಲ್ಲಿ ಅರ್ಧಕ್ಕಿಂತ ಜಾಸ್ತಿ 2013ರಿಂದೀಚೆಗೆ ತುಂಬಿಯೇ ಇರಲಿಲ್ಲ. ಬರಗಾಲವೂ ಕಾರಣ, ಆದರೆ ಬರಗಾಲವೊಂದೇ ಅಲ್ಲ. ಮತಾಲಸ್ಕಾನ್ಯಾಸ್ ಎಂಬ ಕಡಲ ತೀರದ ರೆಸಾರ್ಟ್ ಊರಿಗೆ ನೀರು ಎತ್ತುವ ಬಾವಿಗಳಿಗೆ ಹತ್ತಿರವಿರುವ ಕೆರೆಗಳ ಪಾಡು ಇನ್ನೂ ಕೆಟ್ಟದ್ದು. ಸಾಂತಾ ಓಲಾಯಾ ಅವುಗಳಲ್ಲೊಂದು.

1998ರ ಏಪ್ರಿಲ್‌ನಲ್ಲಿ ಇಲ್ಲೊಂದು ದೊಡ್ಡ ಅವಘಡ ಆಗಿತ್ತು. ಉದ್ಯಾನದ ಉತ್ತರಕ್ಕೆ ಅಸ್ನಾಲ್ಕೊಯಾರ್ ಗಣಿಯ ತ್ಯಾಜ್ಯದ ಕಟ್ಟೆ ಒಡೆದು ಆಮ್ಲದ ನೀರೂ ಲೋಹದ ಕೆಸರೂ ಗ್ವಾದಿಯಾಮಾರ್ ನದಿಗೆ ನುಗ್ಗಿತು. ಅವಸರದಲ್ಲಿ ಮಣ್ಣಿನ ಒಡ್ಡು ಹಾಕಿ ಕೆಸರು ಉದ್ಯಾನದ ಒಳಗೆ ಬರದಂತೆ ತಡೆದರು. ಜಗತ್ತೆಲ್ಲ ಸುದ್ದಿಯಾಯಿತು, ಹಣ ಬಂತು, ನದಿ ದಂಡೆಯ ಮಣ್ಣನ್ನೇ ಕೆರೆದು ತೆಗೆದು ಹಸಿರು ಮಾಡಿದರು. ಒಂದು ರಾತ್ರಿಯಲ್ಲಿ ಆಗುವ ಅನಾಹುತಕ್ಕೆ ಜನ ಓಡಿಬರುತ್ತಾರೆ. ಬಾವಿಯ ಮಟ್ಟ ವರ್ಷಕ್ಕೆ ಒಂದು ಗೇಣು ಇಳಿದರೆ ಯಾವ ಟಿವಿಯೂ ಬರುವುದಿಲ್ಲ.

ಸ್ಟ್ರಾಬೆರಿ ಹೇಗೆ ಬಂತು

ಉದ್ಯಾನವಾಗಿ ಎರಡು ಮೂರು ವರ್ಷಕ್ಕೇ ಸ್ಪೇನ್ ಸರ್ಕಾರ ಅದರ ಪಕ್ಕದಲ್ಲಿ ಅಂತರ್ಜಲ ಎತ್ತಿ ನೀರಾವರಿ ಮಾಡುವ ದೊಡ್ಡ ಯೋಜನೆ ಹಾಕಿಕೊಂಡಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬೆಂಬಲವೂ ಇತ್ತು. ಒಂದು ಕೈಯಲ್ಲಿ ಉದ್ಯಾನ, ಇನ್ನೊಂದು ಕೈಯಲ್ಲಿ ಪಂಪ್. ಬಡ ಪ್ರದೇಶ, ವಲಸೆ ಹೋಗುವ ಜನ, ಏನಾದರೂ ಮಾಡಬೇಕಿತ್ತು. ಆಗಿನ ಲೆಕ್ಕದಲ್ಲಿ ಅದು ತಪ್ಪೆಂದು ಕಂಡಿರಲಿಕ್ಕಿಲ್ಲ.

ಆಮೇಲೆ ಬಂದದ್ದು ಸ್ಟ್ರಾಬೆರಿ. ಮರಳು ಮಣ್ಣು, ಹದವಾದ ಚಳಿಗಾಲ, ಬಿಸಿಲು. ಅಕ್ಟೋಬರ್‌ನಲ್ಲಿ ನಾಟಿ. ಕಪ್ಪು ಪ್ಲಾಸ್ಟಿಕ್ ಹೊದ್ದ ಏರಿಗಳು, ಅದರ ಮೇಲೆ ಬಿಳಿ ಪ್ಲಾಸ್ಟಿಕ್ ಸುರಂಗ, ಒಳಗೆ ಹನಿ ನೀರಾವರಿ. ಜನವರಿಯಿಂದ ಮೇ ತನಕ ಕೊಯ್ಲು. ಉತ್ತರ ಯೂರೋಪಿನಲ್ಲಿ ಹಿಮ ಬೀಳುವಾಗ ಇಲ್ಲಿ ಹಣ್ಣು, ಅದಕ್ಕೇ ರೇಟು. ಸ್ಪೇನಿನ ಸ್ಟ್ರಾಬೆರಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಜಾಸ್ತಿ ಈ ವೆಲ್ವಾ ಪ್ರಾಂತ್ಯದ್ದು. ದೊಡ್ಡ ಗಿರಾಕಿ ಜರ್ಮನಿ. ಕೊಯ್ಯಲು ಪ್ರತಿ ವರ್ಷ ಮೊರಾಕೊದಿಂದ ಸಾವಿರಾರು ಹೆಂಗಸರು ಬರುತ್ತಾರೆ. ಕೊಯ್ಲಿಗೆ ಹೊರಗಿನ ಕೈ ಬೇಕಾಗುವ ಕಷ್ಟ ಯಾವ ಕಾಫಿ ಬೆಳೆಗಾರನಿಗೆ ಗೊತ್ತಿಲ್ಲ?

ಹನಿ ನೀರಾವರಿಯವರಲ್ವಾ, ನೀರು ಉಳಿಸುತ್ತಾರಲ್ಲ ಅನ್ನಬಹುದು. ಎಕರೆಗೆ ಉಳಿಸಿದ್ದು ಹೌದು. ಉಳಿದ ನೀರಲ್ಲಿ ಇನ್ನೊಂದು ಎಕರೆ ಹಾಕಿದರು. ಪೈನ್ ಕಾಡಿನ ಅಂಚು ಸವರಿ ಹಾಕಿದರು. ಅನುಮತಿ ಇಲ್ಲದ ಬಾವಿಗಳು ಸಾವಿರಕ್ಕೂ ಹೆಚ್ಚಿವೆ ಅಂತ ಡಬ್ಲ್ಯುಡಬ್ಲ್ಯುಎಫ್ ಬಹಳ ವರ್ಷದಿಂದ ಹೇಳುತ್ತಾ ಬಂದಿದೆ. 2020ರಲ್ಲಿ ಗ್ವಾದಲ್ಕಿವಿರ್ ನದಿ ಪ್ರಾಧಿಕಾರವೇ ದೊನ್ಯಾನಾ ಅಂತರ್ಜಲದ ಐದು ಭಾಗಗಳಲ್ಲಿ ಮೂರು ಅತಿಯಾಗಿ ಬಳಕೆಯಾಗಿವೆ ಎಂದು ಘೋಷಿಸಿತು.

ಅವರ ಅಕ್ರಮ-ಸಕ್ರಮ

ಪ್ರಕರಣದ ಹೂರಣ ಇರುವುದು ಇಲ್ಲಿ.

2014ರ ಕೊನೆಯಲ್ಲಿ ದೊನ್ಯಾನಾ ಇರುವ ಆಂದಲೂಸಿಯಾದ ಪ್ರಾಂತೀಯ ಸರ್ಕಾರ ಒಂದು ಯೋಜನೆ ತಂತು. 2004ಕ್ಕಿಂತ ಮೊದಲು ನೀರಾವರಿ ಇದ್ದ ಜಮೀನು ಸಕ್ರಮ, ಆಮೇಲಿನದು ಅಕ್ರಮ, ಅಕ್ರಮ ಬಾವಿ ಮುಚ್ಚಬೇಕು. ಗೆರೆ ಎಳೆದದ್ದು ಸರಿಯಾಗಿಯೇ ಇತ್ತು. ಮುಚ್ಚುವ ಕೆಲಸ ಮಾತ್ರ ಆಮೆಗತಿಯಲ್ಲಿ ನಡೆಯಿತು. ಮುಚ್ಚಿದ್ದನ್ನು ಮತ್ತೆ ತೆರೆದವರೂ ಇದ್ದರು. ಗೆರೆಯ ಆಚೆ ಉಳಿದವರು ನಮಗೆ ಅನ್ಯಾಯವಾಗಿದೆ ಅಂತ ಕೂಗೆಬ್ಬಿಸಿದರು. ಅವರ ಮಾತಲ್ಲಿ ಸ್ವಲ್ಪವೂ ಹುರುಳಿಲ್ಲ ಅನ್ನಲಾರೆ. ಮಳೆ ಆಶ್ರಯಿಸಿ ಬೇಸಾಯ ಮಾಡುತ್ತಿದ್ದ ಕುಟುಂಬಗಳೂ ಅದರಲ್ಲಿದ್ದವು. ಅವರ ಹಿಂದೆ ನಿಂತು ಲಾಭ ನೋಡುತ್ತಿದ್ದ ದೊಡ್ಡ ಕುಳಗಳೂ ಇದ್ದವು. ನಮ್ಮಲ್ಲಿ ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡಿಸಲು ನಮೂನೆ 50, 53, 57 ಅಂತ ಅರ್ಜಿ ಹಿಡಿದು ತಾಲೂಕು ಕಚೇರಿ ಸುತ್ತಿದವರಿಗೆ ಈ ಎರಡೂ ಗುಂಪಿನ ಮುಖ ಕಣ್ಣಮುಂದೆ ಬರುತ್ತದೆ.

2021ರ ಜೂನ್‌ನಲ್ಲಿ ಯೂರೋಪಿನ ನ್ಯಾಯಾಲಯ ಸ್ಪೇನಿಗೆ ಛೀಮಾರಿ ಹಾಕಿತು. ಅಂತರ್ಜಲದ ಲೆಕ್ಕ ಹಾಕುವಾಗ ಅಕ್ರಮವಾಗಿ ಎತ್ತುವ ನೀರನ್ನೇ ಬಿಟ್ಟಿದ್ದೀರಿ, ಮತಾಲಸ್ಕಾನ್ಯಾಸ್ ರೆಸಾರ್ಟಿನ ಪಂಪಿಂಗ್‌ನಿಂದ ಕೆರೆಗಳಿಗೆ ಆಗುವ ಹಾನಿ ತಡೆಯಲು ಏನೂ ಮಾಡಿಲ್ಲ ಅಂತ. ಅಕ್ರಮ ಬಾವಿಗೆ ದಾಖಲೆ ಇಲ್ಲ, ದಾಖಲೆ ಇಲ್ಲದ್ದು ಲೆಕ್ಕಕ್ಕಿಲ್ಲ, ಲೆಕ್ಕಕ್ಕಿಲ್ಲದ ನೀರು ಕಡತದಲ್ಲಿ ನೆಲದೊಳಗೆ ಭದ್ರವಾಗಿದೆ! ಕಂದಾಯ ಇಲಾಖೆಯ ಕಾಗದದಲ್ಲಿ ಈಗಲೂ ಗದ್ದೆಯಾಗಿಯೇ ಇರುವ ಎಷ್ಟು ಲೇಔಟ್‌ಗಳು ನಮ್ಮಲ್ಲಿವೆ ಅಂತ ಲೆಕ್ಕ ಹಾಕಿ.

ಇಷ್ಟಾದ ಮೇಲೂ 2023ರ ಏಪ್ರಿಲ್‌ನಲ್ಲಿ ಆಂದಲೂಸಿಯಾದ ಶಾಸನಸಭೆ ಹೊರಗುಳಿದ ನೂರಾರು ಹೆಕ್ಟೇರನ್ನು ಸಕ್ರಮ ಮಾಡುವ ಮಸೂದೆಯನ್ನು ಕೈಗೆತ್ತಿಕೊಂಡಿತು. ಸ್ಥಳೀಯ ಚುನಾವಣೆ ಮುಂದಿನ ತಿಂಗಳು. ಅರ್ಥವಾಯಿತಲ್ಲ? ಪರವಾನಗಿ ಇಟ್ಟುಕೊಂಡು ನಿಯಮದಂತೆ ಬೆಳೆಯುತ್ತಿದ್ದ, ಉದ್ಯಾನದ ಪಕ್ಕದ ಅಲ್ಮೊಂಟೆ ಊರಿನ ಬೆಳೆಗಾರರ ಒಂದು ಸಂಘವೇ ಮಸೂದೆಗೆ ಅಡ್ಡ ನಿಂತಿತು. ಇರುವ ನೀರೇ ಸಾಲದು, ಪಾಲುದಾರರನ್ನು ಹೆಚ್ಚಿಸಿದರೆ ನಾವೇ ಮುಳುಗುತ್ತೇವೆ ಎಂಬುದು ಅವರ ಲೆಕ್ಕ. ಇದನ್ನು ಪರಿಸರವಾದಿಗಳಿಗೂ ರೈತರಿಗೂ ನಡೆದ ಜಗಳ ಅಂತ ಬರೆದವರು ಈ ಸಂಘವನ್ನು ನೋಡಿಲ್ಲ. ಜಗಳ ರೈತರ ನಡುವೆಯೂ ಇತ್ತು, ಮತ್ತು ನನ್ನ ಮಟ್ಟಿಗೆ ಅದೇ ಮುಖ್ಯವಾದ ಜಗಳ.

ಕೊನೆಗೆ ಕದಲಿಸಿದ್ದು ಯಾವುದು

ಕೋರ್ಟು ಒಂದು ಕಡೆಯಿಂದ ತಳ್ಳಿತು. ಗಿರಾಕಿ ಇನ್ನೊಂದು ಕಡೆಯಿಂದ ತಳ್ಳಿದ. 2022ರಲ್ಲೇ ಯೂರೋಪಿನ ಹಲವು ದೊಡ್ಡ ಸೂಪರ್‌ಮಾರ್ಕೆಟ್‌ಗಳು ಈ ಸಕ್ರಮದ ಯೋಚನೆ ಬಿಡಿ ಅಂತ ಪ್ರಾಂತೀಯ ಸರ್ಕಾರಕ್ಕೆ ಪತ್ರ ಬರೆದಿದ್ದವು. 2023ರಲ್ಲಿ ಜರ್ಮನಿಯಲ್ಲಿ ದೊನ್ಯಾನಾ ಸುತ್ತಲಿನ ಹಣ್ಣು ಮಾರಬೇಡಿ ಎಂಬ ಸಹಿ ಸಂಗ್ರಹವೇ ನಡೆಯಿತು. ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವೂ ಪ್ರಾಂತೀಯ ಸರ್ಕಾರವೂ ಕೂತು ಒಪ್ಪಂದ ಮಾಡಿಕೊಂಡವು. ಮಸೂದೆ ವಾಪಸ್. ಬದಲಿಗೆ ಆ ಭಾಗಕ್ಕೆ 140 ಕೋಟಿ ಯೂರೋ. ನೀರಾವರಿ ಬಿಟ್ಟು ಜಮೀನನ್ನು ಕಾಡಿಗೆ ಮರಳಿಸುವ ರೈತನಿಗೆ ಹೆಕ್ಟೇರಿಗೆ 1 ಲಕ್ಷ ಯೂರೋ ತನಕ. ಮಳೆಯಾಶ್ರಿತ ಬೆಳೆಗೆ ಮರಳುವವರಿಗೆ ಅದಕ್ಕಿಂತ ಕಡಿಮೆ. ಮರುತಿಂಗಳು ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಚೆನ್ನಾಗಿ ನೋಡಿಕೊಂಡ ಸಂರಕ್ಷಿತ ತಾಣಗಳ ತನ್ನ ಹಸಿರು ಪಟ್ಟಿಯಿಂದ ದೊನ್ಯಾನಾವನ್ನು ಕೈಬಿಟ್ಟಿತು. ಹಣ ಬಂದ ಕೂಡಲೇ ಮರ್ಯಾದೆ ಬರುವುದಿಲ್ಲ.

2025ರ ಮಾರ್ಚ್‌ನಲ್ಲಿ ಒಂದರ ಹಿಂದೊಂದು ಚಂಡಮಾರುತ ಬಂದು ಜೌಗು ತುಂಬಿತು, ಹಕ್ಕಿಗಳೂ ಇಳಿದವು. ಎಲ್ಲ ಸರಿಹೋಯಿತು ಅಂತ ಕೆಲವರು ಬರೆದರು. ಜೇಡಿಮಣ್ಣಿನ ಮೇಲೆ ನಿಂತ ನೀರಿಗೂ ಮರಳಿನ ಕೆಳಗಿನ ನೀರಿಗೂ ಇರುವ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಹಾಗೇ ಅನ್ನಿಸುತ್ತದೆ. ಐವತ್ತು ವರ್ಷ ಎಳೆದದ್ದು ಒಂದು ಮಾರ್ಚ್‌ನಲ್ಲಿ ತುಂಬುವುದಿಲ್ಲ.

ಇದರ ನಡುವೆ ಲಿಂಕ್ಸ್ ಕಥೆ ಇದೆ. ಐಬೀರಿಯನ್ ಲಿಂಕ್ಸ್ ಅನ್ನುವುದು ಚುಕ್ಕೆ ಮೈಯ ಕಾಡುಬೆಕ್ಕು, ಕಿವಿ ತುದಿಯಲ್ಲಿ ಕಪ್ಪು ಕೂದಲ ಕುಚ್ಚು. 2002ರಲ್ಲಿ ನೂರೂ ಉಳಿದಿರಲಿಲ್ಲ. ದೊನ್ಯಾನಾದ ಅಂಚಿನ ಕೇಂದ್ರದಲ್ಲಿ ಮರಿ ಮಾಡಿಸಿ ಬೇರೆ ಬೇರೆ ಕಾಡಿಗೆ ಬಿಟ್ಟರು. 2023ರ ಎಣಿಕೆಯಲ್ಲಿ ಸ್ಪೇನ್, ಪೋರ್ಚುಗಲ್ ಸೇರಿ ಎರಡು ಸಾವಿರ ದಾಟಿದವು. ದೊಡ್ಡ ಗೆಲುವು, ಸಂಶಯವಿಲ್ಲ. ಪ್ರಾಣಿಯನ್ನು ಉಳಿಸಲು ಬರುತ್ತದೆ, ನೀರನ್ನು ಉಳಿಸಲು ಬರುವುದಿಲ್ಲ. ನಾವೂ ಅಷ್ಟೇ. ನಾಗರಹೊಳೆಯ ಹುಲಿ ಎಷ್ಟು ಅಂತ ಯಾರನ್ನು ಕೇಳಿದರೂ ಒಂದು ಸಂಖ್ಯೆ ಹೇಳುತ್ತಾರೆ. ಬೇಸಿಗೆಯಲ್ಲಿ ಆನೆ, ಕಾಟಿ, ಜಿಂಕೆಗೆ ಹಸಿ ಹುಲ್ಲು ಕೊಡುವ ಅಲ್ಲಿನ ಹಡ್ಲುಗಳಲ್ಲಿ (ಕಾಡಿನೊಳಗಿನ ಜೌಗು ಹುಲ್ಲುಬಯಲುಗಳಲ್ಲಿ) ಎಷ್ಟರಲ್ಲಿ ಮಾರ್ಚ್ ತನಕ ತೇವ ಇರುತ್ತದೆ ಅಂತ ಕೇಳಿ ನೋಡಿ.

ನಮ್ಮ ಕಡೆ

ಹೋಲಿಕೆಯನ್ನು ಜಾಸ್ತಿ ಎಳೆಯಬಾರದು. ದೊನ್ಯಾನಾದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಭಾಗಮಂಡಲದಲ್ಲಿ ಜುಲೈ ಒಂದೇ ಅದನ್ನು ಮೀರಿಸುತ್ತದೆ. ಅಲ್ಲಿ ಕೆಳಗೆ ಮರಳು, ನಮ್ಮಲ್ಲಿ ಗಟ್ಟಿ ಬಂಡೆ. ನಮ್ಮ ನೀರು ಇರುವುದು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಮತ್ತು ಬಂಡೆಯ ಸೀಳುಗಳಲ್ಲಿ. ಹಾಗಾಗಿ ಒಬ್ಬನ ಬೋರ್ ಬತ್ತಿದರೂ ಪಕ್ಕದವನದು ಬತ್ತದೆ ಇರಬಹುದು. ಯಾರಿಂದ ಯಾರಿಗೆ ಏಟು ಬಿತ್ತು ಅಂತ ತೋರಿಸುವುದು ಅಲ್ಲಿಗಿಂತ ಇಲ್ಲಿ ಕಷ್ಟ. ಕೋರ್ಟಿಗೆ ಹೋಗಿ ಗೆಲ್ಲುವ ಮಾತಂತೂ ದೂರ.

ಆದರೆ ವೆರಾದ ಜಾಗ ನಮ್ಮಲ್ಲೂ ಇದೆ. ಬಾಣೆಯ ಬುಡ, ಅಲ್ಲೊಂದು ಒರತೆ, ಕೆಳಗೆ ಗದ್ದೆ, ನಡುವೆ ತೋಡು. ಜೂನ್‌ನಿಂದ ಬದು ಕಟ್ಟಿ ನಿಲ್ಲಿಸಿದ ನೀರು ಮೆಲ್ಲಗೆ ಇಳಿದು ತೋಡಿಗೂ ಕೆರೆಗೂ ಬೇಸಿಗೆಯಲ್ಲಿ ಸಿಗುತ್ತಿತ್ತು. ಆನೆ ಕಾಟ, ಆಳಿನ ಖರ್ಚು, ಭತ್ತಕ್ಕೆ ರೇಟಿಲ್ಲ. ಗದ್ದೆ ಪಾಳು ಬಿಟ್ಟವರನ್ನು ಬೈದು ಪ್ರಯೋಜನವಿಲ್ಲ. ಪಾಳು ಬಿಟ್ಟರೂ ನೀರು ನಿಲ್ಲುತ್ತದೆ. ಶುಂಠಿಗೆ ಕೊಟ್ಟರೆ ನಿಲ್ಲುವುದಿಲ್ಲ, ಗಡ್ಡೆ ಕೊಳೆಯಬಾರದು ಅಂತ ಆಳವಾದ ಕಾಲುವೆ ಹೊಡೆದು ನೀರನ್ನು ಹೊರಗೆ ಓಡಿಸುತ್ತಾರೆ. ಮಣ್ಣು ತುಂಬಿ ಸೈಟ್ ಮಾಡಿದರಂತೂ ಮುಗಿದೇ ಹೋಯಿತು. ಮಳೆಗಾಲದಲ್ಲಿ ಅದೇ ನೀರು ಕೆಳಗಿನ ಊರಿಗೆ ನುಗ್ಗುತ್ತದೆ.

ಇತ್ತ ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾಕ್ಕೆ ಹೂ ಮಳೆ ಬೇಕು. ಬರದಿದ್ದರೆ ಸ್ಪ್ರಿಂಕ್ಲರ್. ಒಂದು ಒಂದೂವರೆ ಇಂಚು ನೀರು, ಮೂರು ವಾರ ಬಿಟ್ಟು ಇನ್ನೊಂದು ಸುತ್ತು. ಎಲ್ಲರಿಗೂ ಒಂದೇ ವಾರದಲ್ಲಿ ಬೇಕು, ತೋಡು ಸೊರಗಿರುವ ವಾರದಲ್ಲೇ ಬೇಕು. ಕಾಫಿಗೆ ಒಳ್ಳೆ ರೇಟು ಬಂದ ವರ್ಷ ಹೊಸ ಬೋರ್ ಕೊರೆಯುವ ಲಾರಿ ಊರಲ್ಲಿ ಜಾಸ್ತಿ ಕಾಣುತ್ತದೆ. ಸ್ಟ್ರಾಬೆರಿಗೂ ಹೀಗೇ ಆದದ್ದು.

ಗಿರಾಕಿಯ ಒತ್ತಡದ ಮಾತಿಗೆ ಬಂದರೆ, ಯೂರೋಪಿನ ಅರಣ್ಯನಾಶ ತಡೆ ಕಾನೂನು ಈಗ ಎಲ್ಲ ಬೆಳೆಗಾರರ ಬಾಯಲ್ಲೂ ಇದೆ. ತೋಟದ ಜಾಗ ಮೊಬೈಲಿನಲ್ಲಿ ಗುರುತಿಸಿ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಹಾಕಿದ ಕಾಫಿ ಅಲ್ಲ ಅಂತ ತೋರಿಸಿ ಎನ್ನುತ್ತದೆ. ಎರಡು ಸಲ ಮುಂದಕ್ಕೆ ಹೋಗಿದೆ, ಇವತ್ತಲ್ಲ ನಾಳೆ ಬರುತ್ತದೆ. ಅದು ಕೇಳುವುದು ಮರವನ್ನು. ನೀರನ್ನು ಕೇಳುವುದಿಲ್ಲ. ನಮ್ಮ ನೆರಳಿನ ಕಾಫಿಗೆ ಅದರಲ್ಲಿ ಪಾಸಾಗುವುದು ಅಷ್ಟೇನೂ ಕಷ್ಟವಿಲ್ಲ. ಗದ್ದೆಗೆ ಮಣ್ಣು ತುಂಬಿದ ತೋಟವೂ ಸಲೀಸಾಗಿ ಪಾಸಾಗುತ್ತದೆ. ಅಲ್ಮೊಂಟೆಯ ಸ್ಟ್ರಾಬೆರಿ ಆ ಕಾನೂನಿನ ಪಟ್ಟಿಯಲ್ಲೇ ಇಲ್ಲ ಅನ್ನುವುದು ಬೇರೆ ತಮಾಷೆ.

ನಾವು ಮಾಡಬಹುದಾದ್ದು ಅಂದರೆ ಅಲ್ಲಿನವರು ಮೂವತ್ತು ವರ್ಷ ತಡವಾಗಿ ಮಾಡಿದ ಕೆಲಸವನ್ನು ಈಗಲೇ ಮಾಡುವುದು: ಅಳೆಯುವುದು. ಒಂದು ತೋಡಿಗೆ ಸೇರಿದ ತೋಟದವರೆಲ್ಲ ತಮ್ಮ ತೆರೆದ ಬಾವಿಯ ಮಟ್ಟವನ್ನು ಸ್ಪ್ರಿಂಕ್ಲರ್ ಹಾಕುವ ಮುಂಚೆ ಒಂದು ಸಲ, ಹಾಕಿದ ಮೇಲೆ ಒಂದು ಸಲ ಬರೆದಿಟ್ಟರೆ ಸಾಕು. ಹಗ್ಗಕ್ಕೊಂದು ಕಲ್ಲು ಕಟ್ಟಿದರೆ ಆಯಿತು, ಸೆನ್ಸರ್ ಗಿನ್ಸರ್ ಬೇಡ. ಐದು ವರ್ಷದ ಅಂಥ ಪಟ್ಟಿ ಕೈಯಲ್ಲಿದ್ದರೆ ಸರದಿ ಮೇಲೆ ನೀರು ಎತ್ತುವ ಮಾತನ್ನಾದರೂ ಆಡಬಹುದು. ಪಟ್ಟಿ ಇಲ್ಲದೆ ಆಡಿದರೆ ಅದು ಜಗಳವಾಗುತ್ತದೆ.

ಗದ್ದೆಯದ್ದು ಇದಕ್ಕಿಂತ ಕಷ್ಟದ ಪ್ರಶ್ನೆ, ಯಾಕೆಂದರೆ ಅದು ದುಡ್ಡಿನದ್ದು. ಮಾಕುಟ್ಟ ದಾಟಿದರೆ ಕೇರಳ. ಅಲ್ಲಿ ಭತ್ತದ ಗದ್ದೆ, ಜೌಗು ಉಳಿಸಲೆಂದೇ 2008ರ ಕಾಯ್ದೆ ಇದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. 2020ರಲ್ಲಿ ಕೇರಳದವರು ಗದ್ದೆಯನ್ನು ಗದ್ದೆಯಾಗಿ ಉಳಿಸಿಕೊಂಡ ಮಾಲೀಕರಿಗೆ ರಾಯಧನವನ್ನೂ ಶುರುಮಾಡಿದರು, ಆಗ ಹೆಕ್ಟೇರಿಗೆ ವರ್ಷಕ್ಕೆ 2000 ರೂಪಾಯಿ. ದೊನ್ಯಾನಾದಲ್ಲಿ ಹೆಕ್ಟೇರಿಗೆ 1 ಲಕ್ಷ ಯೂರೋ ಕೊಡುತ್ತಿರುವುದು ಕೆಟ್ಟ ಮೇಲೆ ಸರಿಮಾಡಲು. ಕೇರಳದ ರಾಯಧನ ಕೆಡದಂತೆ ಇಟ್ಟುಕೊಂಡದ್ದಕ್ಕೆ. ಕೊಡಗಿನಲ್ಲಿ ಶುಂಠಿಗೆ ಲೀಸ್ ಕೊಟ್ಟರೆ ಒಂದೇ ಎಕರೆಗೆ ಒಂದೇ ವರ್ಷದಲ್ಲಿ ಅದರ ಎಷ್ಟೋ ಪಟ್ಟು ಕೈಗೆ ಬರುತ್ತದೆ, ಅದೂ ಮುಂಗಡವಾಗಿ. ರಾಯಧನ ಎಷ್ಟಿದ್ದರೆ ಗದ್ದೆಯ ಮಾಲೀಕ ಲೀಸಿನವನನ್ನು ವಾಪಸ್ ಕಳಿಸುತ್ತಾನೆ ಅನ್ನುವ ಲೆಕ್ಕವನ್ನು ಇಲ್ಲಿ ಯಾರೂ ಇನ್ನೂ ಕೂತು ಹಾಕಿಲ್ಲ. ಪಂಚಾಯಿತಿ ಮಟ್ಟದಲ್ಲಿ ಹಾಕಬಹುದಾದ ಲೆಕ್ಕವೇ ಅದು, ಮತ್ತು ಶುಂಠಿ ಲೀಸಿನ ಮಾತುಕತೆ ಶುರುವಾಗುವ ಮುಂಚೆ ಹಾಕಬೇಕು.